ಅರವತ್ತರ ಮೇಲೆ ಸರಳೆ

ಅರವತ್ತಕ್ಕೆ ಅರಳುಮರಳು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ನನಗೆ ಅದು ಎರಡು ವರ್ಷ ತಡವಾಗಿ, ಅರವತ್ತೆರಡನೆಯ ವಯಸ್ಸಿನಲ್ಲಿ, ಸರಳೆ ವರಸೆಯ ರೂಪದಲ್ಲಿ ಬಂದಿತು. ಬೆಳಿಗ್ಗೆ ಐದೂವರೆಗೆ ನಮ್ಮ ಮನೆಯ ಹಿಂದಿನ ಕೋಣೆಯಿಂದ ಒಂದು ಧ್ವನಿ ಹೊರಡುತ್ತದೆ. ಅದನ್ನು ಸಂಗೀತವೆಂದು ಕರೆಯುವ ಧೈರ್ಯ ನನಗಿಲ್ಲ. ಹಾಲು ತರುವ ಹುಡುಗ ಮೊದಲ ದಿನ ಗೇಟಿನ ಬಳಿ ನಿಂತು, "ಒಳಗೆ ಯಾರಿಗಾದರೂ ಹುಷಾರಿಲ್ವಾ ಅಮ್ಮ?" ಎಂದು ನನ್ನ ಹೆಂಡತಿಯನ್ನು ಕೇಳಿದನಂತೆ. "ಇಲ್ಲಪ್ಪ, ನಮ್ಮ ಮನೆಯವರು ಪಾಠ ಒಪ್ಪಿಸ್ತಿದ್ದಾರೆ" ಎಂದು ಆಕೆ ಸಮಾಧಾನ ಹೇಳಿದಳಂತೆ. ಪಕ್ಕದ ಮನೆಯವರು ಸಭ್ಯರು. ಕಿಟಕಿಯನ್ನು ಮುಚ್ಚುತ್ತಾರೆ, ಆದರೆ ಸದ್ದಾಗದಂತೆ ಮುಚ್ಚುತ್ತಾರೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ನೆಂಟರಿಷ್ಟರು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ, ಅದಕ್ಕೇ ಒಂದು ರಾಗ ಹಾಕಿ ಹಾಡಿಬಿಡೋಣವೆನ್ನಿಸಿದೆ. ಗಾದೆ ಸುಳ್ಳಲ್ಲ. ಆದರೆ ಮರ ಬಗ್ಗಲು ಹೋದಾಗ ಏನೇನು ಮುರಿಯುತ್ತದೆ, ಮುರಿದದ್ದರಲ್ಲಿ ಎಷ್ಟು ಮುರಿಯಬೇಕಾದದ್ದೇ ಆಗಿತ್ತು ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ನನಗೆ ತಿಳಿದ ಮಟ್ಟಿಗೆ ಹೇಳೋಣವೆಂದು ಕುಳಿತಿದ್ದೇನೆ.

ನನ್ನನ್ನು ಬಲ್ಲವರಿಗೆ ಇದರಲ್ಲಿ ಇನ್ನೂ ಒಂದು ತಮಾಷೆ ಕಾಣುತ್ತದೆ. ನಾನು ಸಂಗೀತಕ್ಕೆ ಹೊಸಬನಲ್ಲ. ಹಾಡುವುದಕ್ಕೆ ಮಾತ್ರ ಹೊಸಬ. ನಲವತ್ತು ವರ್ಷ ಕಚೇರಿ ಕೇಳಿದ ಕಿವಿ ನನ್ನದು. ಮೈಸೂರಿನಲ್ಲಿ ಹುಟ್ಟಿ ಬೆಳೆದವನಿಗೆ ಇದೇನೂ ದೊಡ್ಡ ವಿಷಯವಲ್ಲ. ವಾಣಿವಿಲಾಸ ಮೊಹಲ್ಲದ ಎಂಟನೆಯ ಕ್ರಾಸಿನ ಗಣೇಶೋತ್ಸವದ ಕಚೇರಿಗಳನ್ನು ಬೀದಿಯಲ್ಲೇ ಕುಳಿತು ಕೇಳಿದ್ದೇನೆ. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದಲ್ಲಿ ಗೋಡೆಗೆ ಒರಗಿ ಕೇಳಿದ್ದೇನೆ. ರಾಮನವಮಿ ಬಂದರೆ ರಜೆ ಹಾಕಿ ಬೆಂಗಳೂರಿನ ಕೋಟೆ ಹೈಸ್ಕೂಲಿನ ಚಪ್ಪರಕ್ಕೆ ಹೋಗಿದ್ದೇನೆ. ಕೇಳಿದ್ದು ಎಷ್ಟೋ, ಕೇಳಿದ ಮೇಲೆ ಆಡಿದ್ದು ಅದರ ಎರಡರಷ್ಟು.

ಕಚೇರಿ ಮುಗಿದ ಮೇಲೆ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಹಾಡಿದವರ ಜಾತಕ ಬರೆಯುವ ಒಂದು ಗುಂಪು ಪ್ರತಿ ಊರಿನಲ್ಲೂ ಉಂಟು. ನಮ್ಮ ಗುಂಪಿನಲ್ಲಿ ಆ ಜಾತಕದ ಕೊನೆಯ ಸಾಲನ್ನು ಬರೆಯುವ ಹಕ್ಕು ನನ್ನದಾಗಿತ್ತು. "ಕಲ್ಪನೆ ಉಂಟು, ಕಂಠವಿಲ್ಲ." "ಕಂಠ ಉಂಟು, ಅಚ್ಚುಕಟ್ಟಿಲ್ಲ." "ಎಲ್ಲ ಉಂಟು, ಮೇಲಿನ ಷಡ್ಜ ಮಾತ್ರ ಕೂದಲೆಳೆಯಷ್ಟು ಇಳಿಯಿತು." ಹೀಗೆ ನಾನು ತೀರ್ಪು ಕೊಟ್ಟರೆ ಸ್ನೇಹಿತರು ತಲೆದೂಗುತ್ತಿದ್ದರು. ವೃತ್ತಿಯಿಂದಲೂ ನಾನು ಲೆಕ್ಕ ತಪಾಸಣೆಯವನು. ಇನ್ನೊಬ್ಬರು ಕೂಡಿಸಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ಸರ್ಕಾರ ನನಗೆ 2019ರವರೆಗೆ ಸಂಬಳ ಕೊಟ್ಟಿತು. ಸಂಗೀತದಲ್ಲಿ ಅದೇ ಕೆಲಸವನ್ನು ನಾನು ಧರ್ಮಾರ್ಥವಾಗಿ ಮಾಡುತ್ತಿದ್ದೆ.

ಇಂಥವನು ಸರಳೆಗೆ ಬಿದ್ದದ್ದು ಮೊಮ್ಮಗಳ ದೆಸೆಯಿಂದ. ಏಳು ವರ್ಷದ ಅವಳನ್ನು ಎರಡು ಬೀದಿಯಾಚೆ ಇರುವ ಒಬ್ಬ ಸಂಗೀತದ ಟೀಚರ ಮನೆಗೆ ಕರೆದುಕೊಂಡು ಹೋಗಿ, ಪಾಠ ಮುಗಿಯುವವರೆಗೆ ಜಗಲಿಯ ಬೆಂಚಿನ ಮೇಲೆ ಕೂತಿದ್ದು, ಮರಳಿ ಕರೆತರುವುದು ನನಗೆ ಬಿದ್ದ ಕೆಲಸ. ಟೀಚರಿಗೆ ಮೂವತ್ತರ ಆಸುಪಾಸು. ನನ್ನ ಮಗಳಿಗಿಂತ ಚಿಕ್ಕವರು. ಬೆಂಚಿನ ಮೇಲೆ ಕುಳಿತ ನಾನು ಸುಮ್ಮನಿರಲಾರದೆ, ಒಂದು ದಿನ ಒಳಗಿನ ಮಕ್ಕಳಲ್ಲಿ ಯಾರ ನಿಷಾದ ಎಷ್ಟು ತಗ್ಗಿದೆ ಎಂದು ಅವರಿಗೆ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ನಕ್ಕು, "ಇಷ್ಟೆಲ್ಲ ಗೊತ್ತಿದೆ ಸರ್ ನಿಮಗೆ. ಸುಮ್ಮನೆ ಹೊರಗೆ ಕೂತು ಹೊತ್ತು ಕಳೆಯುವುದರ ಬದಲು ನೀವೂ ಯಾಕೆ ಕಲೀಬಾರದು?" ಎಂದರು. ಅದು ಆಹ್ವಾನವೋ ಶಿಕ್ಷೆಯೋ ನನಗೆ ಈ ಹೊತ್ತಿಗೂ ಖಚಿತವಿಲ್ಲ. ರೋಗದ ಭಯದಿಂದ ಒಂದೂವರೆ ವರ್ಷ ಮನೆಯೊಳಗೆ ಕೊಳೆತಿದ್ದ ಜೀವ, ಹೂಂ ಎಂದಿತು. 2021ರ ಅಕ್ಟೋಬರ್ 15, ವಿಜಯದಶಮಿ. ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯ, ದಕ್ಷಿಣೆ ಇಟ್ಟುಕೊಂಡು, ಆರು ಜನ ಮಕ್ಕಳ ಸಾಲಿನ ಕೊನೆಯಲ್ಲಿ ನಾನು ನಿಂತೆ. ಮಕ್ಕಳು ಟೀಚರಿಗೆ ನಮಸ್ಕಾರ ಮಾಡಿದರು. ನಾನು ಬಗ್ಗಲು ಹೋದಾಗ ಅವರು ಗಾಬರಿಯಾಗಿ ಎದ್ದುಬಿಟ್ಟರು. ಕೊನೆಗೆ ಇಬ್ಬರೂ ಸೇರಿ ತಂಬೂರಿಗೆ ಕೈಮುಗಿದೆವು.

ಪಾಠದ ಮೊದಲ ಪ್ರಶ್ನೆಯಲ್ಲೇ ನಾನು ನಪಾಸಾದೆ. "ನಿಮ್ಮ ಶ್ರುತಿ ಯಾವುದು ಸರ್?" ಎಂದರು ಟೀಚರು. ನಲವತ್ತು ವರ್ಷ ಊರವರ ಶ್ರುತಿಯನ್ನೆಲ್ಲ ಅಳೆದವನಿಗೆ ತನ್ನ ಶ್ರುತಿ ಯಾವುದೆಂದು ಗೊತ್ತಿರಲಿಲ್ಲ. ಅವರು ಮೇಲೆ ಕೆಳಗೆ ಮಾಡಿಸಿ ನೋಡಿ, ಒಂದು ಮನೆಗೆ ನಿಲ್ಲಿಸಿದರು. ಗಂಡಸರಿಗೆ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೂ ಹೆಂಗಸರಿಗೆ ಐದರ ಆಸುಪಾಸಿನಲ್ಲೂ ಶ್ರುತಿ ಹೊಂದುತ್ತದೆ. ಮಕ್ಕಳ ಶ್ರುತಿಗೂ ನನ್ನದಕ್ಕೂ ಹೊಂದಿಕೆಯಾಗದ ಕಾರಣ, ಅವರ ಪಾಠ ಮುಗಿದ ಮೇಲೆ ನನ್ನ ಸರದಿ ಎಂದಾಯಿತು. ಇದರಿಂದ ಒಂದು ಅನನುಕೂಲ ಉಂಟಾಯಿತು. ಮಕ್ಕಳು ಮನೆಗೆ ಹೋಗದೆ, ಚಪ್ಪಲಿ ಹುಡುಕುವ ನೆಪದಲ್ಲಿ ಜಗಲಿಯಲ್ಲೇ ನಿಂತು ನನ್ನ ಪಾಠ ಕೇಳತೊಡಗಿದರು. ನಾನು ಕೂತಿದ್ದ ಬೆಂಚಿನ ಮೇಲೆ ಈಗ ಅವರು ಕೂತರು.

ಷಡ್ಜವೊಂದನ್ನು ಹಿಡಿದು ನಿಲ್ಲಿಸುವುದಕ್ಕೆ ನನಗೆ ಮೂರು ವಾರ ಹಿಡಿಯಿತು. ಕೇಳುವವರಿಗೆ ಇದು ಉತ್ಪ್ರೇಕ್ಷೆಯಾಗಿ ಕಾಣಬಹುದು. "ಸ" ಎನ್ನಲು ಯಾವ ವಿದ್ಯೆ ಬೇಕು? ಆದರೆ ಲೆಕ್ಕದವನಾದ್ದರಿಂದ ಒಂದು ಲೆಕ್ಕ ಹೇಳುತ್ತೇನೆ. ಒಂದು ಮನೆಯ ಶ್ರುತಿಯಲ್ಲಿ ಗಂಡು ಕಂಠ ಮಧ್ಯಷಡ್ಜವನ್ನು ಹಿಡಿದಾಗ ಗಂಟಲೊಳಗಿನ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 130 ಸಲ ಕಂಪಿಸಬೇಕು. ಪಂಚಮಕ್ಕೆ ಅದರ ಒಂದೂವರೆಯಷ್ಟು, ಎಂದರೆ ಸುಮಾರು 195. ಮೇಲಿನ ಷಡ್ಜಕ್ಕೆ ನೇರ ಎರಡರಷ್ಟು. ಹೆಚ್ಚೆಂದರೆ ಒಂದಂಗುಲದಷ್ಟು ಉದ್ದದ ಎರಡು ಮಡಿಕೆಗಳು ಮಾಡುವ ಕೆಲಸ ಇದು. ಪಿಟೀಲಿನವನಿಗೆ ತಂತಿ ಕಣ್ಣಿಗೆ ಕಾಣುತ್ತದೆ, ವೀಣೆಯವನಿಗೆ ಮೆಟ್ಟಿಲು ಕೈಗೆ ಸಿಗುತ್ತದೆ. ಹಾಡುವವನಿಗೆ ಏನೂ ಕಾಣುವುದಿಲ್ಲ, ಏನೂ ಸಿಗುವುದಿಲ್ಲ. ಕತ್ತಲೆಯಲ್ಲಿ ಸೂಜಿಗೆ ದಾರ ಪೋಣಿಸಿದಂತೆ, ತಪ್ಪಿದಾಗಲೆಲ್ಲ ಕಿವಿ ಹೇಳಬೇಕು, ಗಂಟಲು ಕೇಳಬೇಕು. ನನ್ನ ಕಿವಿ ಹೇಳುತ್ತಿತ್ತು. ಅದಕ್ಕೆ ಹೇಳಿ ಅಭ್ಯಾಸ. ಗಂಟಲು ಕೇಳುತ್ತಿರಲಿಲ್ಲ, ಅದಕ್ಕೆ ಯಾರೂ ಅರವತ್ತೆರಡು ವರ್ಷದಿಂದ ಏನೂ ಹೇಳಿರಲಿಲ್ಲ. ವಯಸ್ಸಾದಂತೆ ಆ ಮಡಿಕೆಗಳು ಬಿಗಿಯಾಗುತ್ತವೆ, ಉಸಿರು ಮೊಟಕಾಗುತ್ತದೆ. ಸರಿಗಮಪದನಿಸ ಎಂದು ಒಂದೇ ಉಸಿರಿನಲ್ಲಿ ಹೊರಟರೆ ದೈವತಕ್ಕೆ ಬರುವಷ್ಟರಲ್ಲಿ ಬಂಡಿ ನಿಂತುಹೋಗುತ್ತಿತ್ತು.

ಇನ್ನೊಂದು ದಿನ ಟೀಚರು ನನ್ನ ಹಾಡನ್ನು ಕೈಫೋನಿನಲ್ಲಿ ಹಿಡಿದು ನನಗೇ ಕೇಳಿಸಿದರು. "ಇದು ಯಾರು?" ಎಂದೆ. ನಾನು ತಮಾಷೆ ಮಾಡುತ್ತಿರಲಿಲ್ಲ. ನಮ್ಮ ಧ್ವನಿ ನಮಗೆ ಗಾಳಿಯ ಮೂಲಕ ಮಾತ್ರವಲ್ಲದೆ ತಲೆಯ ಮೂಳೆಗಳ ಮೂಲಕವೂ ಕೇಳುತ್ತದೆ. ಮೂಳೆಯ ಹಾದಿ ತಗ್ಗಿನ ನಾದವನ್ನು ಚೆನ್ನಾಗಿ ಒಯ್ಯುವುದರಿಂದ, ಪ್ರತಿಯೊಬ್ಬನ ಧ್ವನಿಯೂ ಅವನಿಗೆ ನಿಜಕ್ಕಿಂತ ಗಂಭೀರವಾಗಿ, ತುಂಬಿದಂತೆ ಕೇಳಿಸುತ್ತದೆ. ಭಗವಂತನು ಮನುಷ್ಯನ ಆತ್ಮಗೌರವ ಕಾಪಾಡಲು ಮಾಡಿದ ಏರ್ಪಾಟು ಇದಿರಬೇಕು. ಧ್ವನಿ ಹಿಡಿಯುವ ಯಂತ್ರ ಅದನ್ನು ಕೆಡಿಸಿತು.

ಷಡ್ಜವಾದ ಮೇಲೆ ರಿಷಭ. ನಮ್ಮ ಸಂಗೀತದಲ್ಲಿ ಮೊದಲ ಪಾಠವೆಲ್ಲ ಮಾಯಾಮಾಳವಗೌಳದಲ್ಲಿ ಎಂಬುದು ವಾಚಕರಲ್ಲಿ ಅನೇಕರಿಗೆ ಗೊತ್ತು. 72 ಮೇಳಗಳಲ್ಲಿ ಹದಿನೈದನೆಯದು. ಈ ರಾಗವನ್ನೇ ಯಾಕೆ ಆರಿಸಿದರು ಎಂದು ನಾನು ಕಚೇರಿಯ ಕುರ್ಚಿಯಲ್ಲಿ ಕುಳಿತು ಎಂದೂ ಯೋಚಿಸಿರಲಿಲ್ಲ. ಹಾರ್ಮೋನಿಯಂ ಮನೆಗಳ ಮೇಲೆ ಟೀಚರು ಬೆರಳಿಟ್ಟು ತೋರಿಸಿದರು. ಸ ದಿಂದ ರಿ ಗೆ ಒಂದೇ ಹೆಜ್ಜೆ. ರಿ ಯಿಂದ ಗ ಕ್ಕೆ ಒಮ್ಮೆಗೇ ಮೂರು. ಗ ದಿಂದ ಮ ಕ್ಕೆ ಮತ್ತೆ ಒಂದು. ಮ ದಿಂದ ಪ ಕ್ಕೆ ಎರಡು. ಅಲ್ಲಿಂದ ಮೇಲೆ ಮೊದಲಿನಂತೆಯೇ ಒಂದು, ಮೂರು, ಒಂದು. ಕೆಳಗಿನ ಅರ್ಧ ಹೇಗೋ ಮೇಲಿನ ಅರ್ಧವೂ ಹಾಗೆಯೇ. ಒಂದು ಕೈ ಕಲಿತದ್ದನ್ನು ಇನ್ನೊಂದು ಕೈಗೆ ಹೇಳಿಕೊಟ್ಟಂತೆ. ಅಂಟಿಕೊಂಡಂತಿರುವ ಸ್ವರವನ್ನು ಬೇರೆಯಾಗಿ ಹಿಡಿಯುವ ನಯವೂ ದೂರದ ಸ್ವರಕ್ಕೆ ಹಾರುವ ಅಂದಾಜೂ ಒಂದೇ ರಾಗದಲ್ಲಿ ಒದಗುತ್ತವೆ. ನನ್ನ ರಿ ಮಾತ್ರ ಷಡ್ಜದ ಮಗ್ಗುಲಲ್ಲಿ ನಿಲ್ಲಲಾರದೆ, ಮೇಲಿನ ಮೆಟ್ಟಿಲಿಗೆ ಓಡಿಹೋಗುತ್ತಿತ್ತು. "ತಾತ, ನಿಮ್ಮ ರಿ ಜಾರುಬಂಡೆ ಮೇಲೆ ಕೂತಿದೆ" ಎಂದು ಜಗಲಿಯಿಂದ ಮೊಮ್ಮಗಳು ತೀರ್ಪು ಕೊಟ್ಟಳು. ವಂಶದ ಗುಣ ಎಲ್ಲಿ ಹೋದೀತು?

ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಪ್ರದಾಯ. ದಾಸರ ಕಾಲ 1484ರಿಂದ 1564 ಎನ್ನುತ್ತಾರೆ. ಸರಳೆ, ಜಂಟಿ, ಏಳು ತಾಳಗಳ ಅಲಂಕಾರ, ಆಮೇಲೆ ಮಲಹರಿಯಲ್ಲಿ ಪಿಳ್ಳಾರಿ ಗೀತೆ. ಮಲಹರಿಯೂ ಮಾಯಾಮಾಳವಗೌಳದ ಮಗುವೇ. ಏರುವಾಗ ಗಾಂಧಾರ ನಿಷಾದ ಎರಡನ್ನೂ ಬಿಟ್ಟು, ಇಳಿಯುವಾಗ ಗಾಂಧಾರವನ್ನು ಮಾತ್ರ ಸೇರಿಸಿಕೊಂಡು, ಕಲಿಯುವವನ ಹೊರೆಯನ್ನು ಹಗುರ ಮಾಡುತ್ತದೆ. ದಾಸರು ಹುಟ್ಟು ದಾಸರಲ್ಲ. ಹಣದ ವ್ಯಾಪಾರ ಮಾಡಿಕೊಂಡು, ಹೆಂಡತಿ ಮಕ್ಕಳೊಡನೆ ಸಂಸಾರ ನಡೆಸಿಕೊಂಡಿದ್ದ ಲೇವಾದೇವಿಯ ಗೃಹಸ್ಥರು. ಒಂದು ಮೂಗುತಿಯ ದೆಸೆಯಿಂದ ಎಲ್ಲವನ್ನೂ ಬಿಟ್ಟು ತಂಬೂರಿ ಹಿಡಿದರೆಂದು ಕಥೆ. ಕಥೆ ನಿಜವಾದರೆ, ಎಳೆಯ ಮಕ್ಕಳಿಗಾಗಿ ಪಾಠ ಕಟ್ಟಿದಾತ ತಾನು ಬೆಳೆದ ಮೇಲೆ ದಾರಿ ಬದಲಿಸಿದವನು. ಒಂದೊಂದೇ ಮೆಟ್ಟಿಲು, ಬಿದ್ದರೆ ಪೆಟ್ಟಾಗದಷ್ಟು ಎತ್ತರ. ಎಡವಿ ಗೊತ್ತಿದ್ದವನಲ್ಲದೆ ಇನ್ನಾರಿಗೆ ಇದು ಹೊಳೆದೀತು ಎಂದು ನನಗೆ ಅನ್ನಿಸುತ್ತದೆ. ಇದು ಸಂಶೋಧನೆಯಲ್ಲ, ಒಬ್ಬ ಮುದಿ ವಿದ್ಯಾರ್ಥಿಯ ಸಮಾಧಾನ.

ನಮ್ಮ ಟೀಚರಲ್ಲಿ ನಾನು ಒಂದು ಗುಣ ಕಂಡೆ. ಅವರು "ತಪ್ಪು" ಎನ್ನುವುದಿಲ್ಲ. "ಇನ್ನೊಂದು ಸಲ" ಎನ್ನುತ್ತಾರೆ. ಹತ್ತು ಸಲವಾದರೂ ಅಷ್ಟೆ, ಮುಖದಲ್ಲಿ ಅದೇ ನಿರೀಕ್ಷೆ. ಒಂದು ದಿನ ಹೀಗೆ ಹತ್ತನೆಯ ಸಲದಲ್ಲಿದ್ದಾಗ, ಅವರ ಮನೆಗೆ ಯಾರೋ ನೆಂಟರು ಬಂದರು. ಬಿಳಿಯ ಪಂಚೆ, ಅಂಚಿನ ಶಲ್ಯ. ಕಂಡರೇ ಗೊತ್ತಾಗುತ್ತದೆ, ರಸಿಕರು. ಕುರ್ಚಿಯಲ್ಲಿ ಕುಳಿತು ಕಣ್ಣು ಮುಚ್ಚಿಕೊಂಡು ಕೇಳಿದರು. ನಾನು ಜಂಟಿ ವರಸೆಯಲ್ಲಿ ಮೇಲಿನ ಷಡ್ಜ ಮುಟ್ಟುವಾಗ ಅವರ ಒಂದು ಹುಬ್ಬು ಮೇಲೆ ಹೋಯಿತು, ತುಟಿಯ ಒಂದು ಮೂಲೆ ಕೆಳಕ್ಕೆ ಬಂತು. ಅಷ್ಟೆ. ಬಾಯಿ ಬಿಟ್ಟು ಏನೂ ಆಡಲಿಲ್ಲ. ನನ್ನ ಗಂಟಲು ಅಲ್ಲೇ ಕಟ್ಟಿಕೊಂಡಿತು. ಆ ದಿನ ಮತ್ತೆ ಸ್ವರ ಹೊರಡಲೇ ಇಲ್ಲ. ಅರವತ್ತೆರಡು ವರ್ಷದ ಗಂಡಸು, ಇಲಾಖೆಯ ಹತ್ತಾರು ಅಧಿಕಾರಿಗಳನ್ನು ಎದುರು ಹಾಕಿಕೊಂಡವನು, ಒಂದು ಹುಬ್ಬಿಗೆ ಸೋತು ಮನೆಗೆ ಬಂದೆ.

ಆ ಮುಖ ನನಗೆ ಹೊಸದಾಗಿರಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದೆ, ಎಲ್ಲಿ ನೋಡಿದ್ದೇನೆ ಎಂದು. ಮನೆಯ ಬಾಗಿಲಿಗೆ ಬಂದಾಗ ಹೊಳೆಯಿತು. ಅದು ನನ್ನದೇ ಮುಖ. ಅದನ್ನು ನಾನು ಹಾಕಿಕೊಂಡದ್ದು ಕಂಡಿರಲಿಲ್ಲ, ಅಷ್ಟೆ. ಕಂಡವರು ಬೇರೆ ಇದ್ದರು. ಆ ರಾತ್ರಿ ನನಗೆ ನೆನಪಾದದ್ದು ನನ್ನ ತಂಗಿ.

1979ರ ನವರಾತ್ರಿ. ನನಗೆ ಇಪ್ಪತ್ತು, ಅವಳಿಗೆ ಹದಿನಾರು. ನಮ್ಮ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಸಂಜೆ ಬೀದಿಯ ಹೆಂಗಸರು ಮಕ್ಕಳು ಬಂದು ಗೊಂಬೆ ನೋಡಿ, ಯಾರಾದರೊಬ್ಬರು ಒಂದು ಹಾಡು ಹೇಳಿ, ಚರಪು ತೆಗೆದುಕೊಂಡು ಹೋಗುವುದು ಪದ್ಧತಿ. ತಂಗಿ ಎರಡು ವರ್ಷದಿಂದ ಪಾಠಕ್ಕೆ ಹೋಗುತ್ತಿದ್ದಳು. ಆ ದಿನ ಮೊದಲ ಬಾರಿಗೆ ಹತ್ತು ಜನರ ಮುಂದೆ, ಹೊಸ ಲಂಗ ಉಟ್ಟು, ಗೊಂಬೆಗಳ ಎದುರು ಕುಳಿತು ಒಂದು ದೇವರನಾಮ ಹಾಡಿದಳು. ನಾನು ಆಗ ತಾನೇ ಕಚೇರಿಗಳಿಗೆ ಹೋಗತೊಡಗಿದ್ದೆ. ಹೊಸದಾಗಿ ಕಲಿತ ನಾಲ್ಕು ಮಾತು ನಾಲಗೆಯ ತುದಿಯಲ್ಲಿ ತುರಿಸುತ್ತಿತ್ತು. ಇಬ್ಬರು ಗೆಳೆಯರು ಜೊತೆಯಲ್ಲಿ ಬೇರೆ ಇದ್ದರು. ಹಾಡು ಮುಗಿದ ಕೂಡಲೇ ನಾನು ಹೇಳಿದೆ: "ಹಾಡೇನೋ ಚೆನ್ನಾಗಿತ್ತು. ಶ್ರುತಿ ಮಾತ್ರ ಪಕ್ಕದ ಮನೆಗೆ ಅರಿಸಿನ ಕುಂಕುಮಕ್ಕೆ ಹೋಗಿತ್ತು."

ಮನೆಯೆಲ್ಲ ನಕ್ಕಿತು. ಅಮ್ಮನೂ ನಕ್ಕಳು. ತಂಗಿಯೂ ನಕ್ಕಳು, ನಕ್ಕು, ಎದ್ದು, ಚರಪು ಹಂಚಲು ಒಳಗೆ ಹೋದಳು. ದೀಪಾವಳಿಯ ಹೊತ್ತಿಗೆ ಪಾಠ ನಿಂತಿತು. "ಎಸ್ಸೆಸ್ಸೆಲ್ಸಿ ಓದು ಜಾಸ್ತಿ" ಎಂದಳು. ಯಾರೂ ಹೆಚ್ಚು ಕೇಳಲಿಲ್ಲ. ಆ ಮೇಲೆ ಅವಳು ಹಾಡಿದ್ದನ್ನು ನಾನು ಕೇಳಿಲ್ಲ. ತನ್ನ ಮದುವೆಯಲ್ಲಿ ಹಾಡಲಿಲ್ಲ, ನನ್ನ ಮಗಳ ನಾಮಕರಣದಲ್ಲಿ ತೊಟ್ಟಿಲ ಮುಂದೆ ಎಲ್ಲರೂ ಹಾಡಿದಾಗ ಬಟ್ಟಲಿಗೆ ಸಕ್ಕರೆ ತುಂಬಿಸುತ್ತ ನಿಂತಿದ್ದಳು. ನನ್ನ ಮಾತು ಮಾತ್ರ ಬಹಳ ಕಾಲ ಬಾಳಿತು. ನೆಂಟರಲ್ಲಿ ಅದು ಗಾದೆಯಾಯಿತು. ಕಾಫಿಯ ಗುಂಪಿನಲ್ಲಿ ನಾನೇ ಅದನ್ನು ಎಷ್ಟು ಸಲ ಹೇಳಿ ಮೆಚ್ಚುಗೆ ಪಡೆದಿದ್ದೇನೋ ಲೆಕ್ಕವಿಲ್ಲ. ಹಾಡಿದವಳು ನನ್ನ ತಂಗಿ ಎಂಬ ಭಾಗವನ್ನು ಕಾಲಕ್ರಮೇಣ ಬಿಟ್ಟುಬಿಟ್ಟಿದ್ದೆ.

ಹುಬ್ಬಿನ ಆ ಸಂಜೆಯ ಬಳಿಕ ನಾನು ಕಚೇರಿ ಕೇಳುವ ರೀತಿ ಬದಲಾಯಿತು. ಮೇಲಿನ ಷಡ್ಜಕ್ಕೆ ಹಾಡುವವರು ಹೊರಟರೆ ನನ್ನ ಹೊಟ್ಟೆಯೂ ಅವರೊಡನೆ ಬಿಗಿಯಾಗುತ್ತದೆ. ಅವರು ಮುಟ್ಟಿ ನಿಂತರೆ, ರೈಲು ಸಿಕ್ಕಿದ ಪ್ರಯಾಣಿಕನಂತೆ ನಿಟ್ಟುಸಿರು ಬಿಡುತ್ತೇನೆ. ಧ್ವನಿವರ್ಧಕದ ಅನುಕೂಲವಿಲ್ಲದ ದಿನಗಳಲ್ಲಿ ಕೊನೆಯ ಸಾಲಿನವನಿಗೂ ಕೇಳಲೆಂದು ನಮ್ಮ ಮೈಸೂರಿನ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರು. ಅವರು ಅಷ್ಟು ಯೋಚಿಸಿದ ಆ ಕೊನೆಯ ಸಾಲಿನಲ್ಲಿ ಕೂತು ನಾನು ಯೋಚಿಸುತ್ತಿದ್ದದ್ದು ಏನನ್ನು? ಈಗ ಕಾಫಿಯ ಗುಂಪಿನಲ್ಲಿ ನನ್ನ ಮಾತಿಗೆ ಬೆಲೆ ಇಳಿದಿದೆ. "ಏನಪ್ಪಾ, ಬರಬರುತ್ತ ಎಲ್ಲರೂ ಚೆನ್ನಾಗಿ ಹಾಡ್ತಾರೆ ಅಂತೀಯಲ್ಲ, ಕಿವಿ ಮಂದವಾಯಿತೇ?" ಎಂದು ಕೇಳಿದರು. ಇರಬಹುದು ಎಂದೆ.

2024ರ ಬೇಸಗೆಯಲ್ಲಿ ತಂಗಿಯ ಮನೆಗೆ ಹೋದೆ. ಶಿವಮೊಗ್ಗದಲ್ಲಿದ್ದಾಳೆ, ಭಾವನವರು ನಿವೃತ್ತರು, ಮಕ್ಕಳು ದೂರದೂರಿನಲ್ಲಿ. ಹಾಸನ, ಅರಸೀಕೆರೆ, ಬೀರೂರು ದಾಟಿ ರೈಲು ಹೋಗುತ್ತಿರುವಷ್ಟು ಹೊತ್ತೂ ನಾನು ಹೇಳಬೇಕಾದ ಮಾತನ್ನು ಸರಳೆಯಂತೆ ಮೂರು ಕಾಲದಲ್ಲಿ ಅಭ್ಯಾಸ ಮಾಡಿದೆ. ಮೊದಲ ಕಾಲದಲ್ಲಿ ಚೆನ್ನಾಗಿಯೇ ಇತ್ತು. ಭದ್ರಾವತಿ ದಾಟಿದ ಮೇಲೆ ತಾಳ ತಪ್ಪಿತು.

ರಾತ್ರಿ ಊಟವಾದ ಮೇಲೆ ಅವಳೇ ಎತ್ತಿದಳು. "ಏನಣ್ಣ, ಪಾಠಕ್ಕೆ ಹೋಗ್ತಿದ್ದೀಯಂತೆ? ಅತ್ತಿಗೆ ಹೇಳಿದರು. ಒಂದಿಷ್ಟು ಹಾಡು, ಕೇಳೋಣ." ಭಾವನವರು ಟೀವಿಯ ಸದ್ದು ತಗ್ಗಿಸಿದರು. ನಾನು ಕೈಫೋನಿನಲ್ಲಿ ತಂಬೂರಿ ಹಾಕಿಕೊಂಡು, ನೆಲದ ಮೇಲೆ ಕುಳಿತು, ಆ ಪಿಳ್ಳಾರಿ ಗೀತೆಗಳಲ್ಲಿ ಮೊದಲನೆಯದನ್ನು ಹಾಡಿದೆ. ಹಾಡುವಾಗ ಕಣ್ಣು ಬಿಟ್ಟು ನೋಡಿದೆ. ಅವಳು ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಯೋಚಿಸಿ ಹಾಕುವ ತಾಳವಲ್ಲ. ಕೈ ತನ್ನಷ್ಟಕ್ಕೆ ತಾನು ಮಾಡುವ ಕೆಲಸ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆನ್ನಾಗಿತ್ತು. ಆ ದೈವತ ಇನ್ನೊಂದು ಚೂರು ತಗ್ಗಬೇಕು, ಅಲ್ವಾ?" ಎಂದಳು. ಅದು ನಿಜವಾಗಿತ್ತು. ನಾಲ್ವತ್ತೈದು ವರ್ಷ ಬಾಯಿ ಮುಚ್ಚಿಕೊಂಡವಳ ಕಿವಿ ಅದು.

ನಾನು ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಯಿತು. "ಆ ಗೊಂಬೆ ಹಬ್ಬದ ದಿನ ನಾನು ಹಾಗೆ ಹೇಳಬಾರದಿತ್ತು ಕಣೆ" ಎಂದೆ. ಯಾವ ದಿನ ಎಂದು ಅವಳು ಕೇಳಲಿಲ್ಲ.

"ನೀನು ಹೇಳಿದ್ದಕ್ಕೇ ನಾನು ಬಿಟ್ಟೆ ಅಂತ ಅಂದ್ಕೊಂಡಿದ್ದೀಯಾ?" ಎಂದು ನಕ್ಕಳು. "ಅಷ್ಟು ದೊಡ್ಡಸ್ತಿಕೆ ಬೇಡ. ಪರೀಕ್ಷೆ ಇತ್ತು, ಅಪ್ಪನಿಗೆ ಫೀಸಿನ ಕಷ್ಟ ಇತ್ತು, ಆಮೇಲೆ ಮದುವೆ ಮನೆ ಮಕ್ಕಳು. ಯಾವುದೋ ಒಂದಕ್ಕೆ ಬಿಟ್ಟುಹೋಯಿತು."

ನನಗೆ ಎದೆ ಹಗುರವಾಗತೊಡಗಿತ್ತು. ಅವಳು ತಟ್ಟೆ ಲೋಟಗಳನ್ನು ಎತ್ತಿಕೊಂಡು ಅಡಿಗೆಮನೆಯ ಬಾಗಿಲವರೆಗೆ ಹೋದವಳು, ಅಲ್ಲಿ ನಿಂತು, ಹಿಂದಿರುಗಿ ನೋಡದೆ ಹೇಳಿದಳು: "ಆದರೆ ಆ ದಿನ ಶ್ರುತಿ ಸರಿಯಾಗೇ ಇತ್ತು ಕಣಣ್ಣ. ನಮ್ಮ ಟೀಚರು ಅಲ್ಲೇ ಕೂತಿದ್ದರಲ್ಲ, ಮಾರನೆಯ ದಿನ ನಾನು ಕೇಳಿದೆ. ಒಂದು ಚೂರೂ ಹೋಗಿರಲಿಲ್ಲ ಅಂದರು."

ಇದಕ್ಕೆ ನಾನು ಸಿದ್ಧನಾಗಿರಲಿಲ್ಲ. ಕಠಿಣವಾಗಿ ಹೇಳಿದೆ ಎಂಬುದಕ್ಕೆ ಕ್ಷಮೆ ಕೇಳಲು ಬಂದಿದ್ದೆ. ಸುಳ್ಳು ಹೇಳಿದೆ ಎಂಬುದು ನನ್ನ ಲೆಕ್ಕದಲ್ಲಿರಲಿಲ್ಲ. ಮಲಗಿದ ಮೇಲೆ ನೆನಪಾಯಿತು. ಆ ವರ್ಷದ ಗಣೇಶನ ಹಬ್ಬದ ಕಚೇರಿಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಯಾರ ಬಗ್ಗೆಯೋ "ಶ್ರುತಿ ಊರಾಚೆ ಹೋಯಿತು" ಎಂದಿದ್ದರು. ಸುತ್ತಲಿನವರು ನಕ್ಕಿದ್ದರು. ನಾನು ಆ ಮಾತನ್ನು ಒಂದು ತಿಂಗಳು ಜೇಬಿನಲ್ಲಿಟ್ಟುಕೊಂಡು, ಉಜ್ಜಿ ಹೊಳಪು ಕೊಟ್ಟು, ಸಮಯ ಕಾದು, ಮೊದಲು ಎದುರಾದವರ ಮೇಲೆ ಎಸೆದೆ. ಇಪ್ಪತ್ತನೆಯ ವಯಸ್ಸಿನಲ್ಲಿ ಶ್ರುತಿ ಎಂದರೆ ಏನೆಂದೇ ನನಗೆ ಗೊತ್ತಿರಲಿಲ್ಲ. ಒಂದು ಷಡ್ಜವನ್ನು ನಿಲ್ಲಿಸಲು ಮೂರು ವಾರ ಹೆಣಗಿದ ಮೇಲೆ ಅದು ಈಗ ಗೊತ್ತು. ಲೆಕ್ಕ ತಪಾಸಣೆಯವನು ಪುಸ್ತಕ ತೆರೆಯದೆಯೇ ತಪ್ಪು ಬರೆದಿದ್ದ. ಆ ತಪ್ಪನ್ನು ನಾಲ್ವತ್ತೈದು ವರ್ಷ ಇನ್ನೊಬ್ಬರ ಖಾತೆಯಲ್ಲಿ ನಡೆಸಿಕೊಂಡು ಬಂದಿದ್ದ.

ಬೆಳಿಗ್ಗೆ ಅಭ್ಯಾಸಬಲದಿಂದ ಐದೂವರೆಗೆ ಎಚ್ಚರವಾಯಿತು. ಅಡಿಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಹಾಲು ಕಾಯುವ ವಾಸನೆಯೊಡನೆ ಒಂದು ಧ್ವನಿ ಬರುತ್ತಿತ್ತು. ಹಾಡು ಎನ್ನುವಂತಿಲ್ಲ, ಗುನುಗು ಎನ್ನಬಹುದು. ನಿನ್ನೆ ನಾನು ಹಾಡಿದ್ದ ಮಲಹರಿಯೇ. ಧ್ವನಿ ಹಳೆಯ ಬಾಗಿಲಿನಂತೆ ಅಲ್ಲಲ್ಲಿ ಕಿರುಗುಟ್ಟುತ್ತಿತ್ತು. ಗಾಂಧಾರ ಒಂದು ಕಡೆ ಕೂದಲೆಳೆಯಷ್ಟು ಅಲುಗಿತು; ನನ್ನ ಕಿವಿ ಹಳೆಯ ಬುದ್ಧಿ ಬಿಡದೆ ಅದನ್ನು ಗುರುತು ಹಾಕಿಕೊಂಡಿತು. ಬಾಗಿಲಿನ ಈಚೆ ಗೋಡೆಗೆ ಅಂಟಿಕೊಂಡು ನಿಂತೆ. ನನ್ನ ಹುಬ್ಬು ಎಲ್ಲಿದೆ ಎಂದು ಕೈಯಿಂದ ಮುಟ್ಟಿ ನೋಡಿಕೊಂಡೆ.

"ಅಲ್ಲಿ ನಿಂತು ಏನು ಕೇಳ್ತೀಯ ಅಣ್ಣ?" ಎಂದಿತು ಒಳಗಿನಿಂದ. "ಬಂದು ತಾಳ ಹಾಕು."

ಹೋದೆ. ಕಾಫಿಯ ಲೋಟವನ್ನು ಪಕ್ಕಕ್ಕಿಟ್ಟು ತಾಳ ಹಾಕಿದೆ. ಎರಡನೆಯ ಆವರ್ತದಲ್ಲೇ ತಪ್ಪಿತು.

"ಇನ್ನೊಂದು ಸಲ" ಎಂದಳು.